ಬೆನ್ನುಮೂಳೆಗೊಂದು ಕಾಲೇಜು: ಕೈರೋಪ್ರಾಕ್ಟಿಕ್ ಓದನ್ನು ಉಳಿಸಿದ ಗಂಡ ಹೆಂಡತಿಯರು

ಫೋನ್ ಹಿಡಿದು ರೀಲ್ಸ್ ನೋಡುತ್ತಾ ಕೂತರೆ ದಿನಕ್ಕೊಂದಾದರೂ ಇಂಥದ್ದು ಬರುತ್ತದೆ. ಒಬ್ಬರು ಎತ್ತರದ ಬೆಂಚಿನ ಮೇಲೆ ಬೋರಲು ಮಲಗಿರುತ್ತಾರೆ. ಇನ್ನೊಬ್ಬರು ಎರಡೂ ಕೈಯನ್ನು ಅವರ ಬೆನ್ನಿನ ಮೇಲಿಟ್ಟು, ಉಸಿರು ಬಿಡಿ ಅಂತ ಹೇಳಿ, ಒಂದೇ ಸಲ ಒತ್ತುತ್ತಾರೆ. ಲಟಕ್ ಅಂತ ಸದ್ದು. ಮಲಗಿದವರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಗು.

ಮೊನ್ನೆ ಅಮ್ಮ ನನ್ನ ಪಕ್ಕ ಕೂತು ಇದನ್ನು ನೋಡಿದರು. ಸೊಂಟ ನೋವು ಅವರಿಗೆ ಹಳೆಯದು. "ನಮ್ಮೂರಲ್ಲಿ ಉಳುಕು ತೆಗೀತಿದ್ದ ಅಜ್ಜ ಹೀಗೇ ಮಾಡ್ತಿದ್ದ. ಇವರೆಲ್ಲ ಎಲ್ಲಿ ಕಲಿತು ಬರ್ತಾರೆ? ಇದಕ್ಕೂ ಕಾಲೇಜು ಇದೆಯೇನೋ?" ಅಂತ ಕೇಳಿದರು.

ಇದೆ. ಅಮೆರಿಕದಲ್ಲಿ ನೂರು ವರ್ಷ ದಾಟಿದ ಕಾಲೇಜುಗಳೇ ಇವೆ. ಬೆಂಗಳೂರಿನಲ್ಲೂ ಕೈರೋಪ್ರಾಕ್ಟಿಕ್ ಅಂತ ಬೋರ್ಡು ಹಾಕಿದ ಕ್ಲಿನಿಕ್ಕುಗಳು ಈಗ ಕಾಣುತ್ತವೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂರುವವರು, ಬೈಕಿನಲ್ಲಿ ಗುಂಡಿ ಹಾರಿಸಿ ಸೊಂಟ ಹಿಡಿಸಿಕೊಂಡವರು ಅಲ್ಲಿಗೆ ಹೋಗುತ್ತಿದ್ದಾರೆ. ಹಾಗಾಗಿ ಈ ಓದು ಎಲ್ಲಿಂದ ಬಂತು, ಯಾರು ಕಟ್ಟಿದರು, ಅದಕ್ಕೆ ಹಣ ಹಾಕಿದವರು ಯಾರು ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಎದುರಾಗುವುದು ಗಂಡ ಹೆಂಡತಿಯರ ಜೋಡಿ ಹೆಸರುಗಳು. ಅದು ಯಾಕೆ ಹಾಗೆ ಅನ್ನುವುದೇ ಈ ಲೇಖನ.

ಮೊದಲು ಈ ಪದದ ಅರ್ಥ

ಕೈರೋಪ್ರಾಕ್ಟಿಕ್ ಅನ್ನುವುದು ಗ್ರೀಕ್ ಮೂಲದ ಪದ. ಕೈರ್ ಅಂದರೆ ಕೈ. ಅದೃಷ್ಟಕ್ಕೆ ನಮ್ಮ ಕನ್ನಡದ 'ಕೈ' ಅದರಲ್ಲೇ ಕೇಳಿಸುತ್ತದೆ, ನೆನಪಿಟ್ಟುಕೊಳ್ಳಲು ಸುಲಭ. ಪ್ರಾಕ್ಟಿಕ್ ಅಂದರೆ ಮಾಡುವುದು. ಕೈಯಿಂದ ಮಾಡುವ ಚಿಕಿತ್ಸೆ, ಅಷ್ಟೇ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಬೇಗನೆ, ಅಳತೆಯಿಟ್ಟು ಒತ್ತಿ ಸಡಿಲ ಮಾಡುವುದು ಇದರ ಮುಖ್ಯ ಕೆಲಸ. ಆ ಒತ್ತುವಿಕೆಗೆ ಅವರು ಅಡ್ಜಸ್ಟ್‌ಮೆಂಟ್ ಅನ್ನುತ್ತಾರೆ.

ಲಟಕ್ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕೀಲಿನ ಒಳಗೆ ಎಣ್ಣೆಯಂಥ ಒಂದು ದ್ರವ ಇರುತ್ತದೆ. ಕೀಲು ತಟ್ಟನೆ ಅಗಲವಾದಾಗ ಒಳಗಿನ ಒತ್ತಡ ಇಳಿದು ಆ ದ್ರವದಲ್ಲಿ ಅನಿಲದ ಗುಳ್ಳೆ ಏಳುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಒಳಗೆ ಗುಳ್ಳೆ ಏಳುವುದಿಲ್ವಾ, ಹೆಚ್ಚು ಕಡಿಮೆ ಹಾಗೆ. ಬೆರಳಿನ ನೆಟಿಗೆ ಮುರಿದಾಗ ಬರುವುದೂ ಇದೇ ಸದ್ದು. ಸದ್ದು ಜೋರಾಗಿ ಬಂತು ಅಂದ ಮಾತ್ರಕ್ಕೆ ಚಿಕಿತ್ಸೆ ಜಾಸ್ತಿ ಚೆನ್ನಾಗಿ ಆಯಿತು ಅಂತಲ್ಲ.

ಇದು ಶುರುವಾದದ್ದು 1895ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಐಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ. ಮಿಸಿಸಿಪ್ಪಿ ನದಿ ದಂಡೆಯ ಊರು ಅದು. ಡಿ.ಡಿ. ಪಾಮರ್ ಅನ್ನುವವರು ಅಲ್ಲಿ ಅಯಸ್ಕಾಂತ ಚಿಕಿತ್ಸೆ ಅನ್ನುವ ಹೆಸರಿನಲ್ಲಿ ಕೈಯಿಂದ ರೋಗ ವಾಸಿ ಮಾಡುತ್ತೇನೆ ಅಂತ ಒಂದು ಜಾಗ ಇಟ್ಟುಕೊಂಡಿದ್ದರು. ಆ ಕಟ್ಟಡದಲ್ಲಿ ಕಸ ಗುಡಿಸಿ ಒಪ್ಪ ಮಾಡುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಅನ್ನುವವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಲಿಲ್ಲಾರ್ಡ್ ಬೆನ್ನಿನಲ್ಲಿ ಒಂದು ಗಂಟು ಕಂಡು ಅದನ್ನು ಒತ್ತಿದೆ, ಕಿವಿ ಕೇಳತೊಡಗಿತು ಅನ್ನುವುದು ಪಾಮರ್ ಹೇಳಿಕೊಂಡ ಕಥೆ. ಬೆನ್ನು ಒತ್ತಿ ಕಿವುಡು ವಾಸಿ ಮಾಡಬಹುದು ಅನ್ನುವುದಕ್ಕೆ ಇವತ್ತಿಗೂ ಪುರಾವೆ ಇಲ್ಲ. ಆದರೆ ಒಂದು ವೃತ್ತಿ ಮಾತ್ರ ಅಲ್ಲಿಂದ ಹುಟ್ಟಿತು. ಕೈರೋಪ್ರಾಕ್ಟಿಕ್ ಅನ್ನುವ ಹೆಸರು ಸೂಚಿಸಿದ್ದು ಅವರ ಬಳಿ ಚಿಕಿತ್ಸೆಗೆ ಬರುತ್ತಿದ್ದ ಸ್ಯಾಮುಯೆಲ್ ವೀಡ್ ಅನ್ನುವ ಪಾದ್ರಿ. 1897ರಲ್ಲಿ ಪಾಮರ್ ಇದನ್ನು ಕಲಿಸುವ ಶಾಲೆ ತೆರೆದರು.

ಡಿ.ಡಿ. ಪಾಮರ್ ಹೇಳುತ್ತಿದ್ದದ್ದು ದೊಡ್ಡ ಮಾತು. ಬೆನ್ನುಮೂಳೆಯ ತುಂಡುಗಳು ಸ್ವಲ್ಪ ಜರುಗಿ ನರವನ್ನು ಅಮುಕುತ್ತವೆ, ನೂರಕ್ಕೆ 95 ಕಾಯಿಲೆ ಅದರಿಂದಲೇ ಬರುತ್ತವೆ ಅಂತ. ಈ ಜರುಗುವಿಕೆಗೆ ಸಬ್‌ಲಕ್ಸೇಶನ್ ಅಂತ ಹೆಸರು. ತೋಟದಲ್ಲಿ ನೀರಿನ ಪೈಪಿನ ಮೇಲೆ ಕಾಲಿಟ್ಟರೆ ಆ ಕಡೆ ನೀರು ಹೋಗುವುದಿಲ್ಲ ಅಲ್ವಾ, ನರದ ಕಥೆಯೂ ಹಾಗೇ ಅನ್ನುವುದು ಈ ವೃತ್ತಿಯವರ ಹಳೆಯ ಉದಾಹರಣೆ. ಎಲ್ಲ ಕಾಯಿಲೆಗೂ ಅದೇ ಮೂಲ ಅನ್ನುವ ಮಾತು ವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸೊಂಟ ನೋವಿನ ವಿಷಯ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಓದು ಹೇಗಿರುತ್ತದೆ

ಈಗ ಅಮೆರಿಕದಲ್ಲಿ ಇದು ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್, ಅಂದರೆ ಡಿ.ಸಿ. ಅನ್ನುವ ಪದವಿ. ಮೊದಲು ಸುಮಾರು ಮೂರು ವರ್ಷದಷ್ಟು ಕಾಲೇಜು ಓದಿರಬೇಕು, ಅದರಲ್ಲಿ ವಿಜ್ಞಾನದ ವಿಷಯಗಳೂ ಇರಬೇಕು. ಆಮೇಲೆ ಕಡಿಮೆ ಅಂದರೆ 4,200 ಗಂಟೆಗಳ ಪಾಠ ಮತ್ತು ಕ್ಲಿನಿಕ್ ಕೆಲಸ. ಅಂಗರಚನೆ, ನರಗಳು, ಎಕ್ಸ್‌ರೇ ಓದುವುದು, ಕೈಯ ಅಭ್ಯಾಸ ಎಲ್ಲ ಅದರಲ್ಲೇ. ರಾಷ್ಟ್ರ ಮಟ್ಟದ ಪರೀಕ್ಷೆ ಹಂತ ಹಂತವಾಗಿ ಪಾಸಾಗಬೇಕು, ಕೆಲಸ ಮಾಡುವ ರಾಜ್ಯದ ಲೈಸೆನ್ಸ್ ಪಡೆಯಬೇಕು. ಇದು ಎಂಬಿಬಿಎಸ್ ಅಲ್ಲ. ಹೆಸರಿನ ಮುಂದೆ ಡಾಕ್ಟರ್ ಅಂತ ಇದ್ದರೂ ಆಪರೇಷನ್ ಮಾಡುವಂತಿಲ್ಲ, ಸಾಮಾನ್ಯವಾಗಿ ಔಷಧಿಯನ್ನೂ ಬರೆಯುವಂತಿಲ್ಲ.

ಸರ್ಕಾರ ಯಾಕೆ ಹಣ ಕೊಡಲಿಲ್ಲ

ನಮ್ಮಲ್ಲಿ ಅನುದಾನಿತ ಶಾಲೆ, ಅನುದಾನರಹಿತ ಶಾಲೆ ಅಂತ ಹೇಳುತ್ತೇವಲ್ಲ, ಅಮೆರಿಕದ ಕೈರೋಪ್ರಾಕ್ಟಿಕ್ ಕಾಲೇಜುಗಳು ಬಹುಕಾಲ ಪೂರ್ತಿ ಅನುದಾನರಹಿತ. ಇದನ್ನು ಅರ್ಥ ಮಾಡಿಕೊಂಡರೆ ಗಂಡ ಹೆಂಡತಿಯರ ಹೆಸರು ಯಾಕೆ ಇಷ್ಟು ಬರುತ್ತದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಅನ್ನುವವರು ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ ನೋಡಿ ಒಂದು ವರದಿ ಬರೆದರು. ಲ್ಯಾಬ್ ಇಲ್ಲದ, ಆಸ್ಪತ್ರೆ ಇಲ್ಲದ ಶಾಲೆಗಳು ಮುಚ್ಚಲಿ ಅನ್ನುವುದು ಅದರ ಸಾರ. ಅನೇಕ ಶಾಲೆಗಳು ಮುಚ್ಚಿದವು. ಉಳಿದ ಒಳ್ಳೆಯ ವೈದ್ಯಕೀಯ ಕಾಲೇಜುಗಳಿಗೆ ರಾಕ್‌ಫೆಲ್ಲರ್‌ನಂಥ ದೊಡ್ಡ ಕುಳಗಳ ಹಣ ಹರಿಯಿತು. ಕೈರೋಪ್ರಾಕ್ಟಿಕ್ ಆ ಪಂಕ್ತಿಯಲ್ಲಿ ಕೂರಲೇ ಇಲ್ಲ. ಫ್ಲೆಕ್ಸ್‌ನರ್ ಅದನ್ನು ವೈದ್ಯಕೀಯ ಅಂತಲೇ ಒಪ್ಪಲಿಲ್ಲ.

ಕಾನೂನಿನ ತೊಂದರೆಯೂ ಇತ್ತು. ಕೈರೋಪ್ರಾಕ್ಟರುಗಳಿಗೆ ಲೈಸೆನ್ಸ್ ಕೊಡುವ ಕಾನೂನು ಮೊದಲು ಮಾಡಿದ್ದು ಕ್ಯಾನ್ಸಸ್ ರಾಜ್ಯ, 1913ರಲ್ಲಿ. ಕೊನೆಯ ರಾಜ್ಯ ಲೂಸಿಯಾನ, 1974ರಲ್ಲಿ. ಈ ನಡುವೆ 61 ವರ್ಷ ಇದೆ ನೋಡಿ. ಕಾನೂನು ಇಲ್ಲದ ಕಡೆ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದರು ಅನ್ನುವ ಆರೋಪದ ಮೇಲೆ ಎಷ್ಟೋ ಜನ ಜೈಲಿಗೆ ಹೋದರು. ಡಿ.ಡಿ. ಪಾಮರ್ ಅವರೇ 1906ರಲ್ಲಿ ಹೋದರು. ದಂಡ ಕಟ್ಟುವುದಿಲ್ಲ ಅಂತ ಹಟ ಹಿಡಿದು ಒಳಗೆ ಕೂತು, ಮೂರು ವಾರ ಕಳೆದ ಮೇಲೆ ದಂಡ ಕಟ್ಟಿ ಹೊರಬಂದರು. ವೈದ್ಯರ ದೊಡ್ಡ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ 1963ರಲ್ಲಿ ಇದಕ್ಕೆಂದೇ ಒಂದು ಸಮಿತಿ ಮಾಡಿ ಈ ವೃತ್ತಿಯನ್ನು ತಡೆಯಲು ಕೆಲಸ ಮಾಡಿತು. ಇದರ ವಿರುದ್ಧ ಚೆಸ್ಟರ್ ವಿಲ್ಕ್ ಮತ್ತು ಜೊತೆಗಾರರು 1976ರಲ್ಲಿ ಕೇಸು ಹಾಕಿದರು. ಇದು ಕಾನೂನುಬಾಹಿರ ಬಹಿಷ್ಕಾರ ಅಂತ 1987ರಲ್ಲಿ ತೀರ್ಪು ಬಂತು. ಆ ತೀರ್ಪು ಬಹಿಷ್ಕಾರದ ಬಗ್ಗೆ ಮಾತ್ರ. ಚಿಕಿತ್ಸೆ ಕೆಲಸ ಮಾಡುತ್ತದೆಯೇ ಅನ್ನುವುದನ್ನು ಅದು ತೀರ್ಮಾನ ಮಾಡಲಿಲ್ಲ. ಇವೆರಡನ್ನೂ ಒಂದು ಮಾಡಿ ಹೇಳುವವರು ಇದ್ದಾರೆ, ಅದು ಸರಿಯಲ್ಲ.

ಸರ್ಕಾರಿ ವಿಶ್ವವಿದ್ಯಾಲಯದ ಬಾಗಿಲೂ ಸುಲಭಕ್ಕೆ ತೆರೆಯಲಿಲ್ಲ. 2004ರಲ್ಲಿ ಫ್ಲೋರಿಡಾದ ಶಾಸನಸಭೆ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೈರೋಪ್ರಾಕ್ಟಿಕ್ ಶಾಲೆ ತೆರೆಯಲು ವರ್ಷಕ್ಕೆ 90 ಲಕ್ಷ ಡಾಲರ್ ಕೊಡಲು ಒಪ್ಪಿತ್ತು. ಅಲ್ಲಿನ ಅಧ್ಯಾಪಕರೇ ವಿರೋಧಿಸಿದರು. 2005ರ ಜನವರಿಯಲ್ಲಿ ಆ ರಾಜ್ಯದ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ ಯೋಜನೆಯನ್ನು ತಳ್ಳಿಹಾಕಿತು.

ಸರ್ಕಾರ ಇಲ್ಲ, ದೊಡ್ಡ ಪ್ರತಿಷ್ಠಾನ ಇಲ್ಲ. ಹಾಗಾದರೆ ಯಾರು? ವಿದ್ಯಾರ್ಥಿಗಳ ಫೀಸು ಇತ್ತು. ಅದರ ಜೊತೆ ಓದಿ ಹೊರಗೆ ಬಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡವರ ಸಂಪಾದನೆ ಇತ್ತು. ಆ ಕ್ಲಿನಿಕ್ಕುಗಳು ಬಹಳಷ್ಟು ಮನೆಯವರೇ ನಡೆಸುವಂಥವು. ಗಂಡ ಒಳಗೆ ರೋಗಿ ನೋಡಿದರೆ ಹೆಂಡತಿ ಮುಂದೆ ಲೆಕ್ಕ ಬರೆಯುವುದು, ಎಷ್ಟೋ ಕಡೆ ಇಬ್ಬರೂ ಕೈರೋಪ್ರಾಕ್ಟರುಗಳೇ. ಶುರುವಿನಿಂದಲೂ ಈ ಶಾಲೆಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಂಡವು. ಒಂದೇ ಕ್ಲಾಸಿನಲ್ಲಿ ಓದಿ ಮದುವೆಯಾದ ಜೋಡಿಗಳೂ ಇದ್ದವು. ಹಾಗಾಗಿ ಕಾಲೇಜಿಗೆ ಹಣ ಬಂದದ್ದೂ, ದುಡಿಮೆ ಬಂದದ್ದೂ ಮನೆಮನೆಗಳಿಂದ.

ಬಿ.ಜೆ. ಮತ್ತು ಮೇಬಲ್

ಇಂಥ ಜೋಡಿಗಳಲ್ಲಿ ಮೊದಲನೆಯದು ಬಿ.ಜೆ. ಪಾಮರ್ ಮತ್ತು ಮೇಬಲ್ ಹೀತ್ ಪಾಮರ್. ಬಿ.ಜೆ. ಅಂದರೆ ಬಾರ್ಟ್ಲೆಟ್ ಜೋಶುವಾ, ಡಿ.ಡಿ. ಪಾಮರ್ ಅವರ ಮಗ. ಇವರ ಮದುವೆ ಆದದ್ದು 1904ರ ಏಪ್ರಿಲಿನಲ್ಲಿ. ಆಗ ಶಾಲೆಯ ಸ್ಥಿತಿ ಚೆನ್ನಾಗಿರಲಿಲ್ಲ. ಅಪ್ಪ ಸಾಲ ಬಿಟ್ಟು ಪಶ್ಚಿಮದ ಕಡೆ ಹೋಗಿ ಬಂದಿದ್ದರು, ಆಮೇಲೆ ಜೈಲಿನ ಪ್ರಕರಣ. 1906ರಲ್ಲಿ ಅಪ್ಪ ಮಗ ಬೇರೆಯಾದರು. ಮಗ ಅಪ್ಪನಿಗೆ ಸುಮಾರು 2,200 ಡಾಲರ್ ಮತ್ತು ಕೆಲವು ಪುಸ್ತಕಗಳನ್ನು ಕೊಟ್ಟು ಶಾಲೆಯನ್ನು ಪೂರ್ತಿ ತನ್ನದು ಮಾಡಿಕೊಂಡರು. ಅದೇ ವರ್ಷ ಈ ದಂಪತಿಗೆ ಮಗ ಡೇವ್ ಹುಟ್ಟಿದ. ಇಬ್ಬರಿಗೂ ಇನ್ನೂ ಇಪ್ಪತ್ತರ ಹರೆಯ. ಕೈಯಲ್ಲಿ ಕೂಸು, ತಲೆಯ ಮೇಲೆ ಒಂದು ಶಾಲೆ.

ಬಿ.ಜೆ. ಬಗ್ಗೆ ಎಲ್ಲರೂ ಬರೆಯುತ್ತಾರೆ, ಬರೆಯುವುದಕ್ಕೆ ಬೇಕಾದಷ್ಟಿದೆ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಮೇಬಲ್. ಮದುವೆಯಾದ ಮರುವರ್ಷ, 1905ರಲ್ಲಿ, ಅವರು ಅದೇ ಶಾಲೆಯಲ್ಲಿ ಓದಿ ಪದವಿ ಪಡೆದರು. ಅಷ್ಟಕ್ಕೇ ಸಾಕು ಅನ್ನಲಿಲ್ಲ. ದೇಹದ ಒಳಗನ್ನು ಸರಿಯಾಗಿ ಕಲಿಯಬೇಕು ಅಂತ ಶಿಕಾಗೋದ ರಷ್ ಮೆಡಿಕಲ್ ಕಾಲೇಜಿಗೆ ಹೋಗಿ ಅಂಗರಚನೆ ಓದಿ ಬಂದರು. ವೈದ್ಯರು ತಮ್ಮ ವೃತ್ತಿಯನ್ನೇ ಒಪ್ಪದ ಕಾಲದಲ್ಲಿ ವೈದ್ಯರ ಕಾಲೇಜಿಗೇ ಹೋಗಿ ಕಲಿತರು ನೋಡಿ. ಆಮೇಲೆ ಡೇವನ್‌ಪೋರ್ಟಿನಲ್ಲಿ ದಶಕಗಳ ಕಾಲ ಅಂಗರಚನೆಯ ಪಾಠ ಮಾಡಿದರು. 1918ರಲ್ಲಿ ಆ ವಿಷಯಕ್ಕೆ ಪಠ್ಯಪುಸ್ತಕವನ್ನೂ ಬರೆದರು. ಹೆಣ್ಣುಮಕ್ಕಳು ಈ ಓದಿಗೆ ಬರಲಿ ಅಂತ ವಿದ್ಯಾರ್ಥಿನಿಯರ ಸಂಘ ಕಟ್ಟಿದರು. ಕೈರೋಪ್ರಾಕ್ಟಿಕ್‌ನ ಮೊದಲ ಮಹಿಳೆ ಅಂತ ಇವತ್ತಿಗೂ ಅವರನ್ನು ಕರೆಯುತ್ತಾರೆ.

ಅಂಗರಚನೆಯ ಪಾಠ ಅಂದರೆ ಏನು ಅಂತ ಒಂದೇ ಒಂದು ಮೂಳೆ ಹಿಡಿದು ನೋಡೋಣ. ನಮ್ಮ ಬೆನ್ನಿನಲ್ಲಿ ಅಲುಗಾಡುವ 24 ಮೂಳೆ ತುಂಡುಗಳಿವೆ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಎಲ್ಲವನ್ನೂ ಒಂದು ಬುಟ್ಟಿಗೆ ಸುರಿದು, ಒಂದನ್ನು ಎತ್ತಿ ಇದು ಎಲ್ಲಿಯದು ಹೇಳು ಅಂದರೆ ಹೇಗೆ ಹೇಳುವುದು? ಸೊಂಟದ ತುಂಡು ದಪ್ಪ, ಗಟ್ಟಿ, ಭಾರ ಹೊರುವಂಥದ್ದು. ಎದೆಯ ತುಂಡಿನ ಪಕ್ಕದಲ್ಲಿ ಪಕ್ಕೆಲುಬು ಬಂದು ಕೂರುವ ಸಣ್ಣ ಗುರುತು ಇರುತ್ತದೆ. ಕುತ್ತಿಗೆಯದ್ದು ಹಗುರ, ಅದರ ಎರಡೂ ರೆಕ್ಕೆಗಳಲ್ಲಿ ಒಂದೊಂದು ತೂತು. ಬೇರೆ ಯಾವ ಬೆನ್ನುಮೂಳೆಗೂ ಆ ತೂತು ಇಲ್ಲ. ಮೆದುಳಿಗೆ ರಕ್ತ ಒಯ್ಯುವ ಒಂದು ನಾಳ ಆ ತೂತುಗಳ ಸಾಲಿನೊಳಗಿಂದಲೇ ಮೇಲೆ ಹತ್ತಿ ಹೋಗುತ್ತದೆ. ಕುತ್ತಿಗೆಯ ಮೇಲೆ ಕೈ ಇಡುವವರಿಗೆ ಆ ತೂತು ಕಣ್ಣು ಮುಚ್ಚಿದರೂ ಕಾಣಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಥರ ಕಲಿಸಲು ಮೂಳೆಗಳು ಬೇಕು. ಪಾಮರ್ ಕುಟುಂಬ ಮೂಳೆಗಳ ಒಂದು ದೊಡ್ಡ ಸಂಗ್ರಹವನ್ನೇ ಮಾಡಿತು. ಆರೋಗ್ಯವಾದ ಬೆನ್ನುಮೂಳೆ, ಸೊಟ್ಟಗಾದದ್ದು, ಒಂದಕ್ಕೊಂದು ಅಂಟಿಕೊಂಡು ಬೆಳೆದದ್ದು, ಎಲ್ಲ ಬಗೆಯವೂ ಅದರಲ್ಲಿವೆ. ಅದು ಈಗಲೂ ಕಾಲೇಜಿನಲ್ಲಿದೆ. 1910ರಲ್ಲೇ ಬಿ.ಜೆ. ಬೆನ್ನಿನ ಎಕ್ಸ್‌ರೇ ತೆಗೆಯುವ ವ್ಯವಸ್ಥೆಯನ್ನೂ ಶಾಲೆಗೆ ತಂದರು. ಎಕ್ಸ್‌ರೇ ಕಂಡುಹಿಡಿದು ಆಗಿನ್ನೂ 15 ವರ್ಷ ಆಗಿತ್ತು ಅಷ್ಟೇ.

ಬಿ.ಜೆ. ಊರಿಗೆ ಕೇಳಿಸುವ ಹಾಗೆ ಬದುಕಿದ ಮನುಷ್ಯ. ಶಾಲೆಯ ಗೋಡೆಗಳ ತುಂಬ ತಮ್ಮ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿದರು. ಬೇರೆ ದೇಶಗಳಿಂದ ತಂದ ವಸ್ತುಗಳನ್ನೆಲ್ಲ ಜೋಡಿಸಿ ಒಂದು ತೋಟ ಮಾಡಿ ಜನರಿಗೆ ತೆರೆದಿಟ್ಟರು. 1922ರಲ್ಲಿ ಡಬ್ಲ್ಯೂಓಸಿ ಅನ್ನುವ ರೇಡಿಯೋ ಕೇಂದ್ರವನ್ನು ಕೊಂಡರು. ರೇಡಿಯೋ ಅನ್ನುವುದೇ ಆಗ ಹೊಸದು. ಶಾಲೆಯ ಹೆಸರು ಹೊಲಗದ್ದೆಗಳ ನಡುವಿನ ಮನೆಗಳಿಗೂ ಗಾಳಿಯಲ್ಲಿ ಮುಟ್ಟಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಅವರ ಮೊದಲ ರೇಡಿಯೋ ಕೆಲಸ ಸಿಕ್ಕಿದ್ದು 1932ರಲ್ಲಿ, ಇದೇ ಕೇಂದ್ರದಲ್ಲಿ.

ಇವರ ಎಲ್ಲ ಹೆಜ್ಜೆಯೂ ಸರಿ ಇತ್ತು ಅಂತ ನಾನು ಹೇಳುವುದಿಲ್ಲ. 1924ರ ಆಗಸ್ಟಿನಲ್ಲಿ ಬಿ.ಜೆ. ಬೆನ್ನಿನ ಎರಡು ಬದಿಯ ಬಿಸಿಯನ್ನು ಹೋಲಿಸಿ ನೋಡುವ ಒಂದು ಯಂತ್ರವನ್ನು ಮುಂದಿಟ್ಟು, ಇದಿಲ್ಲದೆ ಸರಿಯಾದ ಚಿಕಿತ್ಸೆ ಸಾಧ್ಯವೇ ಇಲ್ಲ ಅಂದುಬಿಟ್ಟರು. ಯಂತ್ರ ಮಾರಾಟಕ್ಕಿಲ್ಲ, ಬಾಡಿಗೆಗೆ ಮಾತ್ರ, ಅದೂ ದುಬಾರಿ. ಹಳ್ಳಿ ಪಟ್ಟಣದಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದ ಅವರದೇ ಶಿಷ್ಯರಿಗೆ ಸಿಟ್ಟು ಬಂತು. ಶಾಲೆಗೆ ಸೇರುವವರ ಸಂಖ್ಯೆ ಕುಸಿಯಿತು. ನಾಲ್ವರು ಹಿರಿಯ ಅಧ್ಯಾಪಕರು ಹೊರನಡೆದು 1926ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಬೇರೆ ಕಾಲೇಜು ತೆರೆದರು. ಒಬ್ಬರ ಮನೆಯ ಶಾಲೆಯಾಗಿದ್ದರೆ ಆಗುವ ತೊಂದರೆ ಇದೇ. ಮನೆಯವರ ಧೈರ್ಯದಿಂದ ನಡೆಯುತ್ತದೆ, ಮನೆಯವರ ಹಟದಿಂದ ಮುಗ್ಗರಿಸುತ್ತದೆ.

ಮುಗ್ಗರಿಸಿದರೂ ಇಬ್ಬರೂ ಬಿಟ್ಟುಹೋಗಲಿಲ್ಲ. ಬ್ರೇಡಿ ಸ್ಟ್ರೀಟಿನ ದಿಬ್ಬದ ಮೇಲೆ ಶಾಲೆ, ಅಲ್ಲೇ ಅವರ ಮನೆ. ಮೇಬಲ್ 1949ರಲ್ಲಿ ತೀರಿಕೊಂಡರು, ಬಿ.ಜೆ. 1961ರಲ್ಲಿ. ಆಮೇಲೆ ಡೇವ್ ವಹಿಸಿಕೊಂಡು ಶಾಲೆಯನ್ನು ಪಾಮರ್ ಕಾಲೇಜ್ ಆಫ್ ಕೈರೋಪ್ರಾಕ್ಟಿಕ್ ಮಾಡಿದರು. ಕೈಯಲ್ಲಿ ಕೂಸಾಗಿದ್ದ ಅದೇ ಡೇವ್.

ಕ್ಯಾನ್ಸಸ್ ಸಿಟಿಯ ಇನ್ನೊಂದು ಮನೆ

ಪಾಮರ್ ಶಾಲೆಯಿಂದ ಓದಿ ಹೊರಬಂದ ಸಿಲ್ವಾ ಆಶ್‌ವರ್ತ್ ಅನ್ನುವ ಮಹಿಳೆ ನೆಬ್ರಾಸ್ಕಾದ ಲಿಂಕನ್ ಊರಿನಲ್ಲಿ ಚಿಕಿತ್ಸೆ ಕೊಡುತ್ತಿದ್ದರು. ಅವರ ಮಗಳು ರೂತ್ ಕೂಡ ಪಾಮರ್ ಶಾಲೆಗೇ ಹೋದರು. ರೂತ್ ಅವರ ಗಂಡ ಕಾರ್ಲ್ ಕ್ಲೀವ್‌ಲ್ಯಾಂಡ್ ಕೂಡ ಅಲ್ಲೇ ಓದಿದವರು. 1922ರಲ್ಲಿ ಈ ದಂಪತಿ ಇನ್ನೊಬ್ಬರ ಜೊತೆ ಸೇರಿ ಕ್ಯಾನ್ಸಸ್ ಸಿಟಿಯಲ್ಲಿ ಒಂದು ಕಾಲೇಜು ತೆರೆದರು. ಅದೇ ಮುಂದೆ ಕ್ಲೀವ್‌ಲ್ಯಾಂಡ್ ಕೈರೋಪ್ರಾಕ್ಟಿಕ್ ಕಾಲೇಜ್ ಆಯಿತು. ಆಮೇಲೆ ಮಗ, ಆಮೇಲೆ ಮೊಮ್ಮಗ, ಮೂವರ ಹೆಸರೂ ಕಾರ್ಲ್ ಕ್ಲೀವ್‌ಲ್ಯಾಂಡ್. ಮೂರು ತಲೆಮಾರು ಒಂದೇ ಕಾಲೇಜಿಗೆ ದುಡಿಯಿತು. ಲಾಸ್ ಏಂಜಲೀಸ್‌ನಲ್ಲೂ ಅವರದೊಂದು ಕಾಲೇಜು ಇತ್ತು, ಅದು 2011ರಲ್ಲಿ ಮುಚ್ಚಿತು. ಕ್ಯಾನ್ಸಸ್ ಸಿಟಿಯದ್ದು ಈಗ ವಿಶ್ವವಿದ್ಯಾಲಯ ಅನ್ನಿಸಿಕೊಂಡಿದೆ. ತಾಯಿಯ ಕಡೆಯಿಂದ ಲೆಕ್ಕ ಹಾಕಿದರೆ ಸಿಲ್ವಾ ಅವರಿಂದ ನಾಲ್ಕು ತಲೆಮಾರು ಆಗುತ್ತದೆ. ಕಾಲೇಜಿನ ಹೆಸರಿನಲ್ಲಿ ಗಂಡನ ಮನೆತನ ಉಳಿಯಿತು, ವಿದ್ಯೆ ಬಂದದ್ದು ಹೆಂಡತಿಯ ತವರಿನಿಂದಲೂ ಹೌದು.

ಇನ್ನೊಂದು ಜೋಡಿ ಸಿಡ್ ಮತ್ತು ನೆಲ್ ವಿಲಿಯಮ್ಸ್. ಇಬ್ಬರೂ ಪಾಮರ್ ಶಾಲೆಯವರೇ. ಜಾರ್ಜಿಯಾ ರಾಜ್ಯದ ಮರಿಯೆಟಾದಲ್ಲಿ 1974ರಲ್ಲಿ ಲೈಫ್ ಕಾಲೇಜು ಶುರು ಮಾಡಿದರು. ಅದು ಬಹಳ ದೊಡ್ಡದಾಗಿ ಬೆಳೆಯಿತು. 2002ರಲ್ಲಿ ಮಾನ್ಯತೆ ಕೊಡುವ ಸಂಸ್ಥೆ ಅದರ ಕೈರೋಪ್ರಾಕ್ಟಿಕ್ ಕೋರ್ಸಿನ ಮಾನ್ಯತೆ ಕಿತ್ತುಕೊಂಡಿತು. ಸಿಡ್ ಅಧಿಕಾರ ಬಿಟ್ಟರು, ಕೋರ್ಟಿಗೆ ಹೋಗಿ ಮಾನ್ಯತೆ ವಾಪಸು ಪಡೆದ ಮೇಲೆ ಕಾಲೇಜು ಉಳಿಯಿತು.

ಮಾನ್ಯತೆ ಅಂದರೆ ಇಷ್ಟೇ. ಕಾಲೇಜು ಸರಿಯಾಗಿ ಕಲಿಸುತ್ತಿದೆ ಅಂತ ಹೊರಗಿನವರು ಬಂದು ಪರೀಕ್ಷಿಸಿ ಹಾಕುವ ಮುದ್ರೆ. ಈ ಓದಿಗೆ ಅಂಥ ಮುದ್ರೆ ಹಾಕುವ ಸಂಸ್ಥೆಯನ್ನು ಅಮೆರಿಕದ ಸರ್ಕಾರ ಒಪ್ಪಿಕೊಂಡದ್ದು 1974ರಲ್ಲಿ. ಅಲ್ಲಿಯವರೆಗೆ ಕಾಲೇಜಿನ ಮಾತೇ ಕಾಲೇಜಿಗೆ ಸಾಕ್ಷಿ. ಮುದ್ರೆ ಬಂದ ಮೇಲೆ ಮನೆಯವರ ಹಿಡಿತ ಸಡಿಲವಾಗಿ, ಮಂಡಳಿ, ಲೆಕ್ಕಪತ್ರ, ನಿಯಮ ಎಲ್ಲ ಬಂದವು.

ಕೊಡುವುದು ಅಂದರೆ ಏನೇನು

ಹಾಗಾದರೆ ಈಗಿನ ದಂಪತಿಗಳು ಕಾಲೇಜಿಗೆ ಹೇಗೆ ಕೊಡುತ್ತಾರೆ? ಈಗ ಯಾರೂ ಹೊಸ ಶಾಲೆ ಕಟ್ಟಬೇಕಾಗಿಲ್ಲ. ಕೊಡುವ ದಾರಿ ಬೇರೆಯಾಗಿದೆ.

ಒಂದು, ದತ್ತಿ ನಿಧಿ. ನಮ್ಮ ದೇವಸ್ಥಾನಗಳಲ್ಲಿ ಶಾಶ್ವತ ಪೂಜೆ ಅಂತ ಇರುತ್ತದಲ್ಲ. ಒಂದು ಸಲ ಇಷ್ಟು ಹಣ ಕಟ್ಟಿದರೆ ಅಸಲು ಹಾಗೇ ಇರುತ್ತದೆ, ಅದರ ಬಡ್ಡಿಯಲ್ಲಿ ಪ್ರತಿ ವರ್ಷ ನಿಮ್ಮ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ದತ್ತಿಯೂ ಅದೇ ಲೆಕ್ಕ. ದಂಪತಿ ಕೊಟ್ಟ ಅಸಲನ್ನು ಕಾಲೇಜು ಮುಟ್ಟುವುದಿಲ್ಲ, ಹೂಡಿಕೆ ಮಾಡಿ ಬಂದದ್ದರಲ್ಲಿ ಒಂದು ಪಾಲನ್ನು ವರ್ಷವರ್ಷ ವಿದ್ಯಾರ್ಥಿವೇತನಕ್ಕೆ ಕೊಡುತ್ತದೆ. ಸಾಲ ಮಾಡಿ ಓದುವ ಮಕ್ಕಳಿಗೆ ಇದು ಸಣ್ಣ ಸಹಾಯವಲ್ಲ.

ಉಯಿಲಿನಲ್ಲಿ ಬರೆದಿಡುವುದು ಇನ್ನೊಂದು ದಾರಿ. ಬದುಕಿರುವವರೆಗೆ ಮನೆ, ಉಳಿತಾಯ ತಮ್ಮದು, ಆಮೇಲೆ ಇಷ್ಟು ಪಾಲು ಕಾಲೇಜಿಗೆ. ಕ್ಲಿನಿಕ್ಕಿನ ಕಟ್ಟಡವನ್ನೋ, ಹಳೆಯ ಉಪಕರಣಗಳನ್ನೋ ಕೊಡುವವರೂ ಇದ್ದಾರೆ.

ಹಣಕ್ಕಿಂತ ನನಗೆ ದೊಡ್ಡದು ಅನ್ನಿಸುವುದು ಸಮಯ. ಕಾಲೇಜಿನ ಆಡಳಿತ ಮಂಡಳಿಯಲ್ಲಿ ಸಂಬಳವಿಲ್ಲದೆ ವರ್ಷಗಟ್ಟಲೆ ಕೂರುವುದು, ಕೊನೆಯ ವರ್ಷದ ವಿದ್ಯಾರ್ಥಿಯನ್ನು ತಮ್ಮ ಕ್ಲಿನಿಕ್ಕಿನಲ್ಲಿ ಇಟ್ಟುಕೊಂಡು ಕೆಲಸ ಕಲಿಸುವುದು, ರೋಗಿಯ ಹತ್ತಿರ ಹೇಗೆ ಮಾತಾಡಬೇಕು, ಯಾರನ್ನು ಮುಟ್ಟದೆ ಆಸ್ಪತ್ರೆಗೆ ಕಳಿಸಬೇಕು ಅಂತ ತೋರಿಸುವುದು. ಯಾರನ್ನು ಮುಟ್ಟಬಾರದು ಅನ್ನುವುದನ್ನು ಪುಸ್ತಕ ಹೇಳುತ್ತದೆ, ಆದರೆ ಪಕ್ಕದಲ್ಲಿ ನಿಂತು ನೋಡಿದಾಗಲೇ ಅದು ಮನಸ್ಸಿಗೆ ಇಳಿಯುತ್ತದೆ.

ಇಷ್ಟೆಲ್ಲ ಕೊಟ್ಟರು ಅಂದರೆ ಚಿಕಿತ್ಸೆ ನಿಜವೇ?

ಈ ಪ್ರಶ್ನೆ ಕೇಳಲೇಬೇಕು. ಪ್ರೀತಿಯಿಂದ ಕಟ್ಟಿದ ಕಾಲೇಜು ಅನ್ನುವುದು ಚಿಕಿತ್ಸೆಗೆ ಪುರಾವೆ ಆಗುವುದಿಲ್ಲ. ಪುರಾವೆಗೆ ಪರೀಕ್ಷೆ ಬೇಕು. ದತ್ತಿ ಹಣದ ಅತಿ ಒಳ್ಳೆಯ ಉಪಯೋಗವೂ ಅಲ್ಲೇ ಅಂತ ನನ್ನ ನಂಬಿಕೆ. ಪಾಮರ್ ಕಾಲೇಜು 1995ರಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಆ ಕಾಲೇಜಿನವರೂ ಸೇರಿ ಮಾಡಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸೊಂಟ ನೋವಿದ್ದ 750 ಅಮೆರಿಕನ್ ಸೈನಿಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆ ಕೈರೋಪ್ರಾಕ್ಟಿಕ್. ಆರು ವಾರ ಕಳೆದಾಗ ಎರಡನೇ ಗುಂಪಿನವರ ನೋವು ಮೊದಲ ಗುಂಪಿನವರದ್ದಕ್ಕಿಂತ ಸ್ವಲ್ಪ ಹೆಚ್ಚು ಇಳಿದಿತ್ತು. ಪವಾಡ ಅಲ್ಲ, ಆದರೆ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ. 2017ರಲ್ಲಿ ಅಮೆರಿಕದ ವೈದ್ಯರ ಒಂದು ಪ್ರಮುಖ ಸಂಘ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳ ಪಟ್ಟಿ ಕೊಟ್ಟಿತು. ಬಿಸಿ ಶಾಖ, ಮಸಾಜು, ವ್ಯಾಯಾಮದ ಜೊತೆ ಬೆನ್ನುಮೂಳೆಯ ಒತ್ತು ಚಿಕಿತ್ಸೆಯೂ ಅದರಲ್ಲಿದೆ. ಸೊಂಟ ನೋವಿಗೆ ಇದು ಹಲವು ದಾರಿಗಳಲ್ಲಿ ಒಂದು, ಅಷ್ಟರ ಮಟ್ಟಿಗೆ ಸರಿ. ಆಸ್ತಮಾ, ಸಕ್ಕರೆ ಕಾಯಿಲೆ, ಮಕ್ಕಳ ಕಿವಿ ಸೋಂಕು ಬೆನ್ನು ಒತ್ತಿದರೆ ಹೋಗುತ್ತದೆ ಅಂದರೆ ನಂಬಬೇಡಿ.

ಈಗ ಕುತ್ತಿಗೆಯ ಮೂಳೆಯ ಆ ತೂತಿಗೆ ಬರೋಣ. ಅದರೊಳಗೆ ಹೋಗುವ ರಕ್ತನಾಳದ ಒಳಪದರ ಕೆಲವೊಮ್ಮೆ ಹರಿಯುತ್ತದೆ. ಹರಿದರೆ ಪಾರ್ಶ್ವವಾಯು ಆಗಬಹುದು. ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸಿದ ಮೇಲೆ ಹೀಗಾದ ಪ್ರಕರಣಗಳಿವೆ. ಬಹಳ ಅಪರೂಪ. ನಾಳ ಮೊದಲೇ ಹರಿಯತೊಡಗಿ ಅದರ ನೋವಿಗೇ ಜನ ಕೈರೋಪ್ರಾಕ್ಟರ್ ಹತ್ತಿರ ಹೋಗಿರುತ್ತಾರೋ, ಒತ್ತಿದ್ದರಿಂದ ಹರಿಯಿತೋ ಅನ್ನುವ ಚರ್ಚೆಯೂ ಇದೆ. ಎರಡರಲ್ಲಿ ಯಾವುದೇ ಆದರೂ ರೋಗಿಗೆ ಬೇಕಾದದ್ದು ಒಂದೇ: ಕೈ ಇಡುವವರು ಮೊದಲು ಕೇಳಿ, ನೋಡಿ, ಅನುಮಾನ ಬಂದರೆ ಕೈ ತೆಗೆಯಬೇಕು. ಮೇಬಲ್ ಬೋರ್ಡಿನ ಮುಂದೆ ನಿಂತು ವರ್ಷವರ್ಷ ಕಲಿಸಿದ ವಿಷಯ ಇವತ್ತಿನ ರೋಗಿಗೆ ಬೇಕಾಗುವುದು ಇಲ್ಲೇ.

ನಮ್ಮೂರಿನಲ್ಲಿ ಹೋಗುವ ಮುಂಚೆ

ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಬೇರೆ ಕಾನೂನು ಇಲ್ಲ. ಹಾಗಾಗಿ ಬೋರ್ಡು ಹಾಕಿದವರೆಲ್ಲ ಒಂದೇ ಓದು ಓದಿದವರಲ್ಲ. ಹೊರದೇಶದಲ್ಲಿ ಡಿ.ಸಿ. ಮಾಡಿ ಬಂದವರು ಇದ್ದಾರೆ. ಫಿಸಿಯೋಥೆರಪಿ ಓದಿ ಆಮೇಲೆ ಇದನ್ನು ಸ್ವಲ್ಪ ಕಲಿತವರು ಇದ್ದಾರೆ. ವಿಡಿಯೋ ನೋಡಿ ಶುರು ಮಾಡಿದವರೂ ಇರಬಹುದು. ಎಲ್ಲಿ ಓದಿದಿರಿ, ಎಷ್ಟು ವರ್ಷ ಅಂತ ಕೇಳಲು ಸಂಕೋಚ ಬೇಡ. ಕಾಲು ಜೋಮು ಹಿಡಿದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಜ್ವರದ ಜೊತೆ ಬೆನ್ನು ನೋವಿದ್ದರೆ, ಕ್ಯಾನ್ಸರ್ ಇದ್ದಿದ್ದರೆ ನೇರ ಆಸ್ಪತ್ರೆಗೆ ಹೋಗಿ. ವಯಸ್ಸಾದವರ ಮೂಳೆ ಟೊಳ್ಳಾಗಿರುತ್ತದೆ, ಜೋರಾಗಿ ಒತ್ತಿದರೆ ಮುರಿಯಬಹುದು. ಒಂದೂ ಪ್ರಶ್ನೆ ಕೇಳದೆ ನೇರ ಬೆಂಚಿನ ಮೇಲೆ ಮಲಗಿ ಅಂದರೆ ಎದ್ದು ಬನ್ನಿ.

ಅಮ್ಮನಿಗೂ ಇದನ್ನೆಲ್ಲ ಹೇಳಿದೆ. ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಾಗ ಮೂಳೆ ಸವೆದಿರುವುದು ಗೊತ್ತಾಯಿತು, ಒತ್ತಿಸುವ ಹಾಗಿಲ್ಲ ಅಂದರು. ಈಗ ಬೆಳಿಗ್ಗೆ ಸ್ವಲ್ಪ ನಡಿಗೆ, ರಾತ್ರಿ ಬಿಸಿನೀರಿನ ಚೀಲ, ಜೊತೆಗೆ ಮಾತ್ರೆ. ನಿನ್ನೆ ಚೀಲಕ್ಕೆ ನೀರು ತುಂಬಿ ಕೊಡುವಾಗ, "ಆ ಮೇಬಲ್ ಗಂಡನ ಶಾಲೆ ಸಾಲದು ಅಂತ ಬೇರೆ ಊರಿಗೆ ಹೋಗಿ ಓದಿ ಬಂದಳಲ್ಲ, ಆಗ ಮಗು ಎಷ್ಟು ದೊಡ್ಡದಿತ್ತೋ?" ಅಂತ ಕೇಳಿದರು.